ಗುರಾಣಿಯ ಆಕಾರವಿಕಾಸವೂ ರಣದಲ್ಲಿ ಅದರ ವಿನಿಯೋಗವೂ



ಮಠದ ಸಭೆಯಲ್ಲಿ ಗುರಾಣಿಯಂಥ ಯುದ್ಧಸಾಮಗ್ರಿಯ ವಿಚಾರವೇಕೆಂದು ಕೆಲವರಿಗೆ ಸಂದೇಹವುಂಟಾಗಬಹುದು. ಆ ಸಂದೇಹವು ಸಹಜವಾದದ್ದೇ. ಆದರೆ ರಣಸಾಮಗ್ರಿಗಳಲ್ಲಿ ಎರಡು ಜಾತಿಗಳುಂಟು. ಕೊಲ್ಲುವದಕ್ಕಾಗಿ ಹುಟ್ಟಿದವು ಒಂದು ಜಾತಿ. ಕಾಯುವದಕ್ಕಾಗಿ ಹುಟ್ಟಿದವು ಇನ್ನೊಂದು ಜಾತಿ. ಗುರಾಣಿಯು ಎರಡನೆಯ ಜಾತಿಗೆ ಸೇರಿದುದು. ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಆಯುಧಾಗಾರದ ಅಧ್ಯಕ್ಷನ ಕರ್ತವ್ಯವನ್ನು ವಿವರಿಸುವಾಗ, ಬಿಲ್ಲು, ಈಟಿ, ಕತ್ತಿಗಳನ್ನು ಎಣಿಸಿದ ತರುವಾಯ ಗುರಾಣಿ ಮೊದಲಾದ ರಕ್ಷಣಸಾಧನಗಳನ್ನು ಪ್ರತ್ಯೇಕವಾಗಿ ಎಣಿಸಿ, ಅವುಗಳಿಗೆ ‘ಆವರಣ’ವೆಂಬ ಹೆಸರನ್ನು ಕೊಡುತ್ತಾನೆ. ಅಷ್ಟಾವರಣವೆಂಬ ಮಾತನ್ನು ದಿನದಿನವೂ ಉಚ್ಚರಿಸುವ ಭಕ್ತರಿಗೆ ಈ ಶಬ್ದವು ಅಪರಿಚಿತವಲ್ಲ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರಗಳೆಂಬ ಎಂಟು ಭಕ್ತನನ್ನು ಸುತ್ತುವರಿದು ಕಾಯುತ್ತವೆಂದು ಹೇಳುವಾಗ ಹಿರಿಯರು ಬಳಸಿದ ಶಬ್ದವೂ, ಯೋಧನ ಎಡಗೈಯಲ್ಲಿದ್ದ ಗುರಾಣಿಗೆ ಶಾಸ್ತ್ರಕಾರನು ಬಳಸಿದ ಶಬ್ದವೂ ಒಂದೇ ಆಗಿರುವದು. ಆದುದರಿಂದ ಗುರಾಣಿಯ ವಿಚಾರವು ಈ ಸಭೆಗೆ ಹೊರಗಿನದಲ್ಲ.

ಮೊದಲು ಹೆಸರುಗಳನ್ನು ನೋಡೋಣ. ಅಮರಸಿಂಹನು ತನ್ನ ಕೋಶದಲ್ಲಿ ಗುರಾಣಿಗೆ ಫಲಕ, ಫಲ, ಚರ್ಮ ಎಂಬ ಹೆಸರುಗಳನ್ನು ಕೊಟ್ಟು, ಅದನ್ನು ಮುಷ್ಟಿಯಲ್ಲಿ ಹಿಡಿಯುವ ಹಿಡಿಕೆಗೆ ಸಂಗ್ರಾಹವೆಂದು ಹೇಳುತ್ತಾನೆ. ದೇವತಾಮೂರ್ತಿಗಳ ಲಕ್ಷಣಗ್ರಂಥಗಳಲ್ಲಿ ಅದು ಖೇಟಕವಾಗಿರುವದು. ಕನ್ನಡದ ಹಳೆಯ ಕಾವ್ಯಗಳಲ್ಲಿ ಹರಿಗೆ, ಹಲಗೆ ಎಂಬ ಶಬ್ದಗಳೂ, ಜನರ ಬಾಯಲ್ಲಿ ಗುರಾಣಿ, ಢಾಲು ಎಂಬ ಶಬ್ದಗಳೂ ಬಳಕೆಯಲ್ಲಿ ಬಂದಿರುವವು. ಈ ಹೆಸರುಗಳು ಬರಿಯ ಪರ್ಯಾಯಗಳಲ್ಲ. ಫಲಕ, ಹಲಗೆ ಎಂಬಲ್ಲಿ ಮರವು ಕಾಣುವದು. ಚರ್ಮವೆಂಬಲ್ಲಿ ತೊಗಲು ಕಾಣುವದು. ಗುರಾಣಿಯನ್ನು ಯಾವ ದ್ರವ್ಯದಿಂದ ಮಾಡುತ್ತಿದ್ದರೆಂಬುದನ್ನು ಕೋಶದ ಒಂದು ಸಾಲೇ ತಿಳಿಸಿಕೊಡುವದು.

ಗುರಾಣಿಯ ಆಕಾರವು ಮಾಡುವವನ ಮನಸ್ಸಿಗೆ ತೋರಿದಂತೆ ಆದುದಲ್ಲ. ಮೂರು ಸಂಗತಿಗಳು ಅದನ್ನು ನಿರ್ಣಯಿಸಿರುವವು. ಮೊದಲನೆಯದು, ಎದುರಾಳಿಯ ಕೈಯಲ್ಲಿರುವ ಆಯುಧವು ಯಾವುದು ಎಂಬುದು. ಎರಡನೆಯದು, ಹಿಡಿಯುವವನು ನೆಲದ ಮೇಲೆ ನಿಂತಿರುವನೋ, ಕುದುರೆಯ ಮೇಲೆ ಕುಳಿತಿರುವನೋ ಎಂಬುದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಅವನ ಮೈಮೇಲೆ ಬೇರೆ ಯಾವ ರಕ್ಷಣೆಯುಂಟು ಎಂಬುದು. ಕವಚವನ್ನು ತೊಡಬಲ್ಲವನಿಗೆ ಗುರಾಣಿಯು ಎರಡನೆಯ ಕಾವಲು. ಕವಚವನ್ನು ಕೊಳ್ಳಲಾರದವನಿಗೆ ಅದೊಂದೇ ಕಾವಲು. ಈ ಮೂರನೆಯ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಗುರಾಣಿಯ ಚರಿತ್ರೆಯು ಅರಸರ ಚರಿತ್ರೆಯಾಗಿ ಉಳಿಯದೆ, ಹೆಸರಿಲ್ಲದ ಕಾಲಾಳುಗಳ ಚರಿತ್ರೆಯಾಗಿ ಕಾಣಿಸತೊಡಗುವದು.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡರನೊಡನೆ ಬಂದ ನೌಕಾಧಿಪತಿ ನಿಯಾರ್ಕಸನು ಭಾರತೀಯ ಸೈನಿಕರ ವೇಷಭೂಷಣಗಳನ್ನು ಬರೆದಿಟ್ಟಿದ್ದನು. ಅವನ ಬರಹವನ್ನು ಆಧರಿಸಿ ಏರಿಯನ್ ಎಂಬ ಗ್ರೀಕ್ ಚರಿತ್ರಕಾರನು ತನ್ನ ಗ್ರಂಥದಲ್ಲಿ ಅದನ್ನು ಸಂಗ್ರಹಿಸಿದನು. ಕಾಲಾಳುಗಳ ಎಡಗೈಯಲ್ಲಿ ಹದಮಾಡದ ಎತ್ತಿನ ತೊಗಲಿನ ಗುರಾಣಿಗಳಿದ್ದುವೆಂದೂ, ಅವು ಹಿಡಿದವನಷ್ಟು ಅಗಲವಾಗಿರದಿದ್ದರೂ ಹೆಚ್ಚುಕಡಿಮೆ ಅವನಷ್ಟೇ ಉದ್ದವಾಗಿದ್ದುವೆಂದೂ, ರಾವುತರ ಗುರಾಣಿಗಳು ಕಾಲಾಳುಗಳವುಗಳಿಗಿಂತ ಚಿಕ್ಕವಾಗಿದ್ದುವೆಂದೂ ಅಲ್ಲಿ ಹೇಳಿರುವದು. ಸಾಂಚಿಯ ತೋರಣಗಳ ಶಿಲ್ಪದಲ್ಲಿ ಮೇಲ್ಭಾಗವು ದುಂಡಗಾಗಿ ಕೆಳಭಾಗವು ಸಮವಾಗಿರುವ ನೀಳವಾದ ಗುರಾಣಿಗಳನ್ನು ಕಾಣಬಹುದು. ಅಜಂತೆಯ ಚಿತ್ರಗಳಲ್ಲಿ ನೀಳವಾದವೂ ದುಂಡಗಿನವೂ ಎರಡೂ ಇರುವವು. ನೆಲದ ಮೇಲೆ ನಿಂತು ಬಾಣದ ಮಳೆಯನ್ನು ತಡೆಯಬೇಕಾದವನಿಗೆ ಉದ್ದವಾದ ಗುರಾಣಿ, ಕುದುರೆಯ ಕುತ್ತಿಗೆಯ ಎಡಬಲಕ್ಕೆ ಕೈ ತಿರುಗಿಸಬೇಕಾದವನಿಗೆ ಚಿಕ್ಕ ಗುರಾಣಿ: ಈ ಭೇದವು ಎರಡು ಸಾವಿರ ವರ್ಷಗಳಿಗೂ ಹಿಂದಿನದೆಂಬುದು ಇದರಿಂದ ಸಿದ್ಧವಾಗುವದು.

ಅರ್ಥಶಾಸ್ತ್ರದ ಪಟ್ಟಿಯಲ್ಲಿ ಪೇಟೀ, ಚರ್ಮ, ಹಸ್ತಿಕರ್ಣ, ತಾಲಮೂಲ, ಕಪಾಟ ಮೊದಲಾದ ಹೆಸರುಗಳಿರುವವು. ಮೈಸೂರಿನಲ್ಲಿ ದೊರೆತ ಓಲೆಯ ಪ್ರತಿಯಿಂದ ಪಂಡಿತ ಆರ್. ಶಾಮಶಾಸ್ತ್ರಿಗಳು ಈ ಗ್ರಂಥವನ್ನು ೧೯೦೯ರಲ್ಲಿ ಅಚ್ಚುಹಾಕಿಸಿದ ಬಳಿಕವೇ ಈ ಹೆಸರುಗಳು ಮರಳಿ ಲೋಕಕ್ಕೆ ತಿಳಿದವು. ಹಸ್ತಿಕರ್ಣವೆಂದರೆ ಆನೆಯ ಕಿವಿ. ಕಪಾಟವೆಂದರೆ ಬಾಗಿಲ ಕದ. ಹೆಸರನ್ನು ಕೇಳಿದೊಡನೆ ಒಂದರ ಅಗಲವೂ ಇನ್ನೊಂದರ ಗಟ್ಟಿತನವೂ ಕಣ್ಣಿಗೆ ಕಟ್ಟುವವು. ಪೇಟೀ ಎಂಬುದು ಬಳ್ಳಿಗಳಿಂದ ಹೆಣೆದದ್ದೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಒಂದೇ ಆಯುಧಾಗಾರದಲ್ಲಿ ಬಳ್ಳಿಯದು, ತೊಗಲಿನದು, ಮರದ್ದು ಎಂದು ಬಗೆಬಗೆಯ ಗುರಾಣಿಗಳು ಇರಬೇಕಾಗಿದ್ದುದಕ್ಕೆ ಕಾರಣವು ಸ್ಪಷ್ಟವಾಗಿರುವದು. ಒಂದು ಗುರಾಣಿಯು ಎಲ್ಲ ಆಯುಧಗಳನ್ನೂ ತಡೆಯಲಾರದು.

ಇನ್ನು ಈ ನಾಡಿನ ವಿಚಾರಕ್ಕೆ ಬರೋಣ. ಕಲಬುರಗಿಯಿಂದ ಹುಮನಾಬಾದದ ಕಡೆಗೆ ಹೊರಟವರಿಗೆ ಕೆಂಪುಬಾಳೆಗೆ ಹೆಸರಾದ ಕಮಲಾಪುರವು ದಾರಿಯಲ್ಲಿ ಸಿಕ್ಕುವದು. ಕಲಬುರಗಿಯ ದಕ್ಷಿಣಪೂರ್ವಕ್ಕೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ, ಅಂದರೆ ಮಳಖೇಡ. ಕಮಲಾಪುರದಿಂದ ಮುಂದೆ ಉತ್ತರಕ್ಕೆ ಚಾಲುಕ್ಯರ ಕಲ್ಯಾಣ. ನಡುವೆ ಬಹಮನೀ ಸುಲ್ತಾನರ ಮೊದಲ ರಾಜಧಾನಿಯಾದ ಕಲಬುರಗಿ. ಹೀಗೆ ಮೂರು ದೊಡ್ಡ ರಾಜ್ಯಗಳ ಸಿಂಹಾಸನಗಳು ಕೆಲವೇ ದಿನಗಳ ನಡಿಗೆಯ ಅಂತರದಲ್ಲಿ ಇದ್ದ ನೆಲವಿದು. ೯೭೨ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ೧೧ನೆಯ ಶತಮಾನದಲ್ಲಿ ಚೋಳ ರಾಜಾಧಿರಾಜನು ಕಲ್ಯಾಣವನ್ನು ಕೊಳ್ಳೆಹೊಡೆದು, ಅಲ್ಲಿಯ ದ್ವಾರಪಾಲಕ ವಿಗ್ರಹವೊಂದನ್ನು ತಮಿಳುನಾಡಿಗೆ ಒಯ್ದನು. ೧೩೪೭ರಲ್ಲಿ ಅಲಾಉದ್ದೀನ ಹಸನ ಬಹಮನ ಶಹನು ಸ್ವತಂತ್ರ ರಾಜ್ಯವನ್ನು ಸ್ಥಾಪಿಸಿ ಕಲಬುರಗಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಅಂದಿನಿಂದ ವಿಜಯನಗರದೊಡನೆ ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಕ್ಕಾಗಿ ಕಾದಾಟವು ತಲೆಮಾರುಗಳವರೆಗೆ ನಡೆಯಿತು. ಸೈನ್ಯಗಳು ನಡೆದ ಹಾದಿಯಲ್ಲಿದ್ದ ಹಳ್ಳಿಗಳು ತಮ್ಮನ್ನು ತಾವೇ ಕಾದುಕೊಳ್ಳಬೇಕಾಗಿತ್ತು.

ಹಳ್ಳಿಯು ತನ್ನನ್ನು ಕಾದುಕೊಂಡ ಬಗೆಗೆ ಸಾಕ್ಷಿಯು ವೀರಗಲ್ಲು. ತುರುಗಳನ್ನು ಹೊಡೆದುಕೊಂಡು ಹೋಗುವ ಕಳ್ಳರನ್ನು ಅಡ್ಡಗಟ್ಟಿದಾಗ, ಊರಿಗೆ ಅಳಿವು ಬಂದಾಗ, ಹೆಂಗಸರ ಮೊರೆ ಕೇಳಿದಾಗ ಹೊರಟುನಿಂತು ಮಡಿದವನಿಗೆ ಊರವರು ಕಲ್ಲು ನಿಲ್ಲಿಸಿದರು. ತುರುಗೋಳು, ಊರಳಿವು, ಪೆಣ್ಬುಯ್ಯಲು ಎಂಬ ಶಾಸನಶಬ್ದಗಳು ಈ ಮೂರು ಸಂದರ್ಭಗಳನ್ನೇ ಸೂಚಿಸುವವು. ಸಾಮಾನ್ಯವಾಗಿ ಅಂಥ ಕಲ್ಲಿನಲ್ಲಿ ಮೂರು ನೆಲೆಗಳಿರುವವು. ಕೆಳಗಿನ ನೆಲೆಯಲ್ಲಿ ಕಾಳಗ. ನಡುವಿನದರಲ್ಲಿ ವೀರನನ್ನು ದೇವಕನ್ಯೆಯರು ಎತ್ತಿಕೊಂಡು ಹೋಗುವದು. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುವದು. ತಲೆಯ ಮೇಲೆ ಸೂರ್ಯಚಂದ್ರರು. ಭಕ್ತರ ಕಣ್ಣು ಮೊದಲು ಮೇಲಿನ ನೆಲೆಯ ಲಿಂಗದ ಮೇಲೆ ಹೋಗುವದು ಯುಕ್ತವೇ. ಆದರೆ ಕೆಳಗಿನ ನೆಲೆಯನ್ನು ತಾಳ್ಮೆಯಿಂದ ನೋಡಿದವರಿಗೆ ಗುರಾಣಿಯ ಚರಿತ್ರೆಯು ಅಲ್ಲಿಯೇ ದೊರೆಯುವದು. ಏಕೆಂದರೆ ಮರವು ಗೆದ್ದಲು ಹಿಡಿದು ಹೋಯಿತು, ತೊಗಲು ಕೊಳೆತು ಹೋಯಿತು; ಹಳ್ಳಿಯ ವೀರನು ಹಿಡಿದ ಹರಿಗೆಯು ಇಂದು ಉಳಿದಿರುವದು ಕಲ್ಲಿನಲ್ಲಿ ಮಾತ್ರ.

ಕನ್ನಡನಾಡಿನ ವೀರಗಲ್ಲುಗಳಲ್ಲಿಯೂ ದೇವಾಲಯಗಳ ಪಟ್ಟಿಕೆಗಳಲ್ಲಿಯೂ ಗುರಾಣಿಗಳು ಮುಖ್ಯವಾಗಿ ಎರಡು ಬಗೆಯವಾಗಿರುವವು: ದುಂಡಗಿನವು, ನೀಳವಾದವು. ದುಂಡು ಗುರಾಣಿಯನ್ನು ಹಿಡಿದವನು ಸಾಮಾನ್ಯವಾಗಿ ಬಲಗೈಯಲ್ಲಿ ಕತ್ತಿಯನ್ನು ಎತ್ತಿ, ಎಡಗೈಯನ್ನು ಮುಂದಕ್ಕೆ ಚಾಚಿ, ಒಬ್ಬನೊಡನೆ ಒಬ್ಬನಾಗಿ ಕಾದುತ್ತಿರುವನು. ನೀಳ ಗುರಾಣಿಯು ಮೇಲೆ ದುಂಡಗಾಗಿಯೋ ಕೊಂಚ ಬಾಗಿಯೋ ಇದ್ದು, ಭುಜದಿಂದ ಮೊಣಕಾಲಿನವರೆಗೆ ಮರೆಯಾಗಿ ನಿಲ್ಲುವದು. ಅದು ಸಾಲುಗಟ್ಟಿ ನಿಂತ ಕಾಲಾಳುಗಳಿಗೆ ತಕ್ಕುದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಾರತ ರಾಮಾಯಣ ಪಟ್ಟಿಕೆಗಳಲ್ಲಿ ಶಿಲ್ಪಿಗಳು ಪುರಾಣದ ಯುದ್ಧಗಳನ್ನು ಕೆತ್ತುವಾಗಲೂ ತಮ್ಮ ಕಾಲದ ಆಯುಧಗಳನ್ನೇ ಯೋಧರ ಕೈಯಲ್ಲಿ ಇಟ್ಟಿರುವರು. ಆದುದರಿಂದ ಅರ್ಜುನನ ಹೆಸರಿನಲ್ಲಿ ನಿಂತಿರುವವನು ಹೊಯ್ಸಳರ ಕಾಲದ ಬಂಟನೇ ಆಗಿರುವನು.

ಗುರಾಣಿಯನ್ನು ಹಿಡಿದು ಸುಮ್ಮನೆ ಅದರ ಹಿಂದೆ ಅಡಗಿಕೊಳ್ಳುವದು ಯುದ್ಧಕ್ರಮವಲ್ಲ. ಹಾಗೆ ಅಡಗಿದವನಿಗೆ ಎದುರಾಳಿಯು ಕಾಣದೆಹೋಗುವನು. ಗುರಾಣಿಯನ್ನು ಮೈಯಿಂದ ದೂರಕ್ಕೆ, ಶತ್ರುವಿನ ಕೈಗೆ ಸಮೀಪಕ್ಕೆ ಒಯ್ದಷ್ಟೂ ಅದು ಮರೆಮಾಡುವ ಅವಕಾಶವು ಹೆಚ್ಚುವದು; ಬಾಗಿಲ ಬಳಿಯಲ್ಲಿ ಹಿಡಿದ ಚಿಕ್ಕ ದೀಪವು ಗೋಡೆಯ ಮೇಲೆ ದೊಡ್ಡ ನೆರಳನ್ನು ಬೀಳಿಸುವಂತೆ. ಪೆಟ್ಟನ್ನು ನೇರವಾಗಿ ತಡೆದರೆ ಹಲಗೆಯು ಸೀಳುವದು, ತೋಳು ಜೋಮುಹಿಡಿಯುವದು. ಓರೆಯಾಗಿ ತಡೆದರೆ ಕತ್ತಿಯು ಜಾರಿ ಹೋಗುವದು. ಇದಕ್ಕಾಗಿಯೇ ಗುರಾಣಿಯ ಮೈಯನ್ನು ಉಬ್ಬಾಗಿ ಮಾಡುತ್ತಿದ್ದರು. ಉಬ್ಬಿದ ಮೈಯ ಮೇಲೆ ಎಲ್ಲಿ ಬಿದ್ದ ಪೆಟ್ಟಾದರೂ ಓರೆಯಾಗಿಯೇ ಬೀಳುವದು. ಇದಲ್ಲದೆ ಗುರಾಣಿಯ ಅಂಚಿನಿಂದ ತಳ್ಳಿ ಎದುರಾಳಿಯ ಕೈಯನ್ನು ತಗ್ಗಿಸಿ, ಆ ಒಂದು ಕ್ಷಣದಲ್ಲಿ ಕತ್ತಿಯನ್ನು ಬೀಸುವ ವರಸೆಗಳೂ ಉಂಟು. ಹೀಗೆ ಎಡಗೈಯು ಬಲಗೈಗೆ ಎಡೆಮಾಡಿಕೊಡುವದು. ಅಭ್ಯಾಸವಿಲ್ಲದವನಿಗೆ ಗುರಾಣಿಯು ಭಾರ. ಅಭ್ಯಾಸಿಗೆ ಅದು ಎರಡನೆಯ ಆಯುಧ. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದವೆಂಬ ಪ್ರಕರಣವೇ ಇರುವದು. ಆಯುಧಗಳ ಅಭ್ಯಾಸವು ಅರಮನೆಯಲ್ಲಿ ಒಂದು ವಿದ್ಯೆಯಾಗಿ ನಡೆಯುತ್ತಿತ್ತೆಂಬುದಕ್ಕೆ ಇದು ಪ್ರಮಾಣ.

ತೊಗಲಿನ ಗುರಾಣಿಯನ್ನು ಮಾಡುವ ವಿಧಾನವು ತಾಳ್ಮೆಯದು. ಎಮ್ಮೆ ಕೋಣಗಳ ದಪ್ಪ ತೊಗಲನ್ನು ನೆನೆಹಾಕಿ, ಮೆತ್ತಗಾದ ಮೇಲೆ ಅಚ್ಚಿನ ಮೇಲೆ ಎಳೆದು ಬಿಗಿದು ಒಣಗಿಸಿದರೆ ಅದು ಮರದಂತೆ ಗಡುಸಾಗುವದು. ಅದರ ಮೇಲೆ ಅರಗಿನ ಲೇಪವನ್ನು ಬಳಿದು ಉಜ್ಜಿದರೆ ನೀರು ತಾಗದೆ ಹೊಳಪೇರುವದು. ಖಡ್ಗಮೃಗದ ತೊಗಲಿನದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಮರದ ಹಲಗೆಗೆ ಎಳೆಯ ದಿಕ್ಕೊಂದಿರುವದು. ಆ ದಿಕ್ಕಿನಲ್ಲಿ ಕತ್ತಿ ಬಿದ್ದರೆ ಸೀಳುವದು. ತೊಗಲಿಗೆ ಅಂಥ ದಿಕ್ಕು ಇಲ್ಲ. ಅದು ಪೆಟ್ಟನ್ನು ನುಂಗಿಕೊಳ್ಳುವದು. ಈ ಗುಣದಿಂದಲೇ ದಕ್ಷಿಣಾಪಥದಲ್ಲಿ ತೊಗಲಿನ ದುಂಡು ಗುರಾಣಿಯು ಬಹುಕಾಲ ನಿಂತಿತು. ಇದನ್ನು ಮಾಡುತ್ತಿದ್ದವರು ತೊಗಲನ್ನು ಹದಮಾಡುವ ಕಾಯಕದವರು. ರಾಜರ ಬಿರುದುಗಳನ್ನು ಹೇಳುವ ಶಾಸನಗಳು ಅವರ ಹೆಸರನ್ನು ಹೇಳುವದಿಲ್ಲ. ಆದರೂ ರಾಜನ ಪ್ರಾಣವು ಅವರ ಕೈಗೆಲಸದ ಮೇಲೆ ನಿಂತಿತ್ತು. ಕಾಯಕದ ಮಹಿಮೆಯನ್ನು ಅರಿತವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬಹಮನೀ ಸುಲ್ತಾನರ ಕಾಲದಲ್ಲಿ ಕುದುರೆಯ ದಳಕ್ಕೆ ಪ್ರಾಬಲ್ಯವು ಬಂದಿತು. ಅರಬಸ್ಥಾನ, ಪಾರಸಗಳಿಂದ ಸಮುದ್ರಮಾರ್ಗವಾಗಿ ಕುದುರೆಗಳನ್ನು ತರಿಸುತ್ತಿದ್ದರು. ರಾವುತನ ಎಡಗೈಗೆ ಎರಡು ಕೆಲಸಗಳು: ಲಗಾಮನ್ನು ಹಿಡಿಯುವದು, ಗುರಾಣಿಯನ್ನು ಹಿಡಿಯುವದು. ಓಡುವಾಗ ಅವನು ಅದನ್ನು ಬೆನ್ನಿಗೆ ಹಾಕಿಕೊಂಡು ಹಿಂದಿನಿಂದ ಬರುವ ಬಾಣವನ್ನು ತಡೆದುಕೊಳ್ಳಬೇಕು. ಎದುರುಬದುರಾದಾಗ ಕ್ಷಣದಲ್ಲಿ ಮುಂದಕ್ಕೆ ತರಬೇಕು. ಮೂಲೆಗಳುಳ್ಳ ಉದ್ದ ಹಲಗೆಯು ಕುದುರೆಯ ಕುತ್ತಿಗೆಗೂ ಸವಾರನ ತೊಡೆಗೂ ತಾಗಿ ತೊಡಕಾಗುವದು. ಆದುದರಿಂದ ಮೂಲೆಯಿಲ್ಲದ ದುಂಡು ಢಾಲು ರಾವುತನಿಗೆ ಅನುಕೂಲವಾಯಿತು. ಇಂಥ ಢಾಲಿನ ಮುಖದ ಮೇಲೆ ಸಾಮಾನ್ಯವಾಗಿ ನಾಲ್ಕು ಉಬ್ಬು ಬಿಲ್ಲೆಗಳಿರುವವು. ನೋಡುವವರು ಅವುಗಳನ್ನು ಅಲಂಕಾರವೆಂದು ತಿಳಿಯುವರು. ವಾಸ್ತವದಲ್ಲಿ ಹಿಂಬದಿಯ ಹಿಡಿಕೆಯ ಪಟ್ಟಿಗಳನ್ನು ಬಿಗಿದ ಮೊಳೆಗಳ ತಲೆಗಳನ್ನು ಅವು ಮುಚ್ಚಿ ಕಾಯುವವು. ಹಿಂಬದಿಯಲ್ಲಿ ಎರಡು ಪಟ್ಟಿಗಳೂ, ಗೆಣ್ಣುಗಳಿಗೆ ಪೆಟ್ಟಿನ ನೋವು ತಾಗದಂತೆ ನಡುವೆ ಒಂದು ಚಿಕ್ಕ ಮೆತ್ತೆಯೂ ಇರುವವು. ಅಮರನು ಹೇಳಿದ ಸಂಗ್ರಾಹವೆಂದರೆ ಇಂಥ ಹಿಡಿಕೆಯೇ.

ಆದರೆ ಬಹಮನೀ ಸೈನ್ಯದಲ್ಲಿ ರಾವುತರಷ್ಟೇ ಇರಲಿಲ್ಲ. ೧೫ನೆಯ ಶತಮಾನದ ಉತ್ತರಾರ್ಧದಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿಯು ಬೀದರಿಗೆ ಬಂದು, ಕಲಬುರಗಿಯನ್ನೂ ಹಾದು ಹೋದನು. ಆ ವೇಳೆಗೆ ರಾಜಧಾನಿಯು ಕಲಬುರಗಿಯಿಂದ ಬೀದರಿಗೆ ಹೋಗಿತ್ತು. ಅವನು ಕಂಡ ಕಾಲಾಳುಗಳು ಬರಿಮೈಯವರು, ಬರಿಗಾಲವರು. ಕೆಲವರ ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಕತ್ತಿ. ಮತ್ತೆ ಕೆಲವರ ಕೈಯಲ್ಲಿ ಬಿಲ್ಲುಬಾಣ. ವಿಜಯನಗರದ ಕಡೆಯ ಸಂಗತಿಯೂ ಹೀಗೆಯೇ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ಆ ಪಟ್ಟಣವನ್ನು ನೋಡಿದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯಸನು ಮಹಾನವಮಿಯ ಸೈನ್ಯಪ್ರದರ್ಶನವನ್ನು ವರ್ಣಿಸುತ್ತ, ಗುರಾಣಿಗಳು ಮೈಯನ್ನೆಲ್ಲ ಮುಚ್ಚುವಷ್ಟು ದೊಡ್ಡವಾಗಿದ್ದು, ಕವಚದ ಅವಶ್ಯಕತೆಯೇ ಇರಲಿಲ್ಲವೆಂದು ಬರೆದಿರುವನು. ಕೆಲವದರ ಮೇಲೆ ಬೆಳ್ಳಿಬಂಗಾರದ ಹೂಗಳು, ಕೆಲವದರ ಮೇಲೆ ಹುಲಿಗಳು. ಕೆಲವು ಕಪ್ಪಗೆ, ಕನ್ನಡಿಯಂತೆ ಮುಖ ಕಾಣುವಷ್ಟು ಹೊಳಪಾಗಿದ್ದುವಂತೆ. ಆ ಉತ್ಸವದ ಹೊಳಪನ್ನು ಬದಿಗಿಟ್ಟು ನೋಡಿದರೆ ಒಂದು ಸತ್ಯವು ಗೋಚರಿಸುವದು. ಕಬ್ಬಿಣದ ಬಳೆಗಳನ್ನು ಹೆಣೆದ ಕವಚವು ನಾಯಕರಿಗೂ ಅವರ ಕುದುರೆಗಳಿಗೂ ದೊರೆಯುತ್ತಿತ್ತು. ಕಾಲಾಳುವಿಗೆ ದೊರೆಯುತ್ತಿದ್ದುದು ಗುರಾಣಿಯೊಂದೇ. ಗುರಾಣಿಯು ಬಡವನ ಕವಚ. ಅದು ಉದ್ದವಾಗಿದ್ದರೆ ಅವನ ಮೈ ಬರಿದಾಗಿತ್ತೆಂದು ತಿಳಿಯಬೇಕು.

ಪಶ್ಚಿಮ ದೇಶಗಳ ಚರಿತ್ರೆಯೂ ಇದೇ ಮಾತನ್ನು ಬೇರೊಂದು ಬಗೆಯಿಂದ ಹೇಳುವದು. ಉತ್ತರಸಮುದ್ರದ ವೈಕಿಂಗರು ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ ದುಂಡು ಗುರಾಣಿಯನ್ನು ಹಿಡಿಯುತ್ತಿದ್ದರು. ಅದರ ನಡುವೆ ರಂಧ್ರವಿದ್ದು, ಅಲ್ಲಿಯ ಹಿಡಿಕೆಯನ್ನು ಹಿಡಿದ ಮುಷ್ಟಿಗೆ ಕಬ್ಬಿಣದ ಬೋಗುಣಿಯಂಥ ಮುಚ್ಚಳವು ರಕ್ಷೆಯಾಗಿತ್ತು. ೧೦೬೬ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ರಾವುತರ ಚಿತ್ರಗಳು ಬೇಯೊ ಎಂಬ ಊರಿನಲ್ಲಿರುವ, ಸುಮಾರು ೭೦ ಮೀಟರು ಉದ್ದದ ಕಸೂತಿಯ ಬಟ್ಟೆಯ ಮೇಲೆ ಉಳಿದಿರುವವು. ಅವರ ಗುರಾಣಿಯು ಮೇಲೆ ದುಂಡಗಾಗಿ, ಕೆಳಗೆ ಚೂಪಾಗಿ ಇಳಿದಿರುವದು. ಸವಾರನ ಎಡಗಾಲು ಬರಿದಾಗಿ ಜೋಲುತ್ತಿದ್ದುದರಿಂದ ಅದನ್ನು ಮರೆಮಾಡುವದಕ್ಕಾಗಿಯೇ ಆ ಬಾಲವು ಬೆಳೆದುಬಂದಿತು. ಮುಂದೆ ೧೩ನೆಯ ಶತಮಾನದ ಹೊತ್ತಿಗೆ ಕಾಲಿಗೂ ಕಬ್ಬಿಣದ ರಕ್ಷೆಯು ಬಂದುದರಿಂದ ಗುರಾಣಿಯು ಮೊಟಕಾಗಿ ಮುಕ್ಕೋನವಾಯಿತು. ಮೈಗೆಲ್ಲ ಉಕ್ಕಿನ ತಗಡಿನ ಕವಚವು ಬಂದ ಮೇಲೆ ನಾಯಕರು ಗುರಾಣಿಯನ್ನು ಕೈಬಿಟ್ಟು ಎರಡು ಕೈಗಳಿಂದಲೂ ಆಯುಧ ಹಿಡಿಯತೊಡಗಿದರು. ಬಿಲ್ಲಾಳುಗಳು ಮಾತ್ರ ನೆಲದಲ್ಲಿ ಊರಿ ನಿಲ್ಲಿಸಬಹುದಾದ ದೊಡ್ಡ ಹಲಗೆಯ ಹಿಂದೆ ಕುಳಿತು ಬಾಣವನ್ನು ಹೂಡುತ್ತಿದ್ದರು. ಅಲ್ಲಿ ಕವಚವು ಬೆಳೆದಂತೆ ಗುರಾಣಿಯು ಕುಗ್ಗಿತು. ಇಲ್ಲಿ ಬಿಸಿಲಿನ ನಾಡಿನಲ್ಲಿ, ಕವಚವಿಲ್ಲದ ಕಾಲಾಳುಗಳ ಸೈನ್ಯದಲ್ಲಿ, ಗುರಾಣಿಯು ಕುಗ್ಗಲಿಲ್ಲ. ದೇಶಗಳು ಬೇರೆಯಾದರೂ ನಿಯಮವು ಒಂದೇ.

ಕೋಟೆಯ ಮುತ್ತಿಗೆಯಲ್ಲಿ ಗುರಾಣಿಯ ಕೆಲಸವು ಬೇರೆಯೇ ಆಗಿತ್ತು. ಕಲಬುರಗಿಯ ಕೋಟೆಯನ್ನು ನೋಡಿದವರಿಗೆ ಅದರ ಅಗಲವಾದ ಕಂದಕವೂ, ದಪ್ಪನಾದ ಗೋಡೆಗಳೂ, ಸಾಲಾದ ಬುರುಜುಗಳೂ ನೆನಪಿನಲ್ಲಿರುವವು. ಅಂಥ ಗೋಡೆಯ ಬುಡಕ್ಕೆ ಬಂದವನಿಗೆ ಅಪಾಯವು ಎದುರಿನಿಂದಲ್ಲ, ಮೇಲಿನಿಂದ. ಕಲ್ಲು, ಕಾದ ಎಣ್ಣೆ, ಬಾಣ ಎಲ್ಲವೂ ತಲೆಯ ಮೇಲೆ ಬೀಳುವವು. ಆಗ ಗುರಾಣಿಯು ಎದೆಯ ಮುಂದಿನಿಂದ ನೆತ್ತಿಯ ಮೇಲಕ್ಕೆ ಏರಬೇಕು. ಹತ್ತಾರು ಗುರಾಣಿಗಳು ಅಂಚಿಗೆ ಅಂಚು ಸೇರಿ ಹೆಂಚಿನ ಮಾಡಿನಂತಾಗಬೇಕು. ರೋಮಕರು ಇದನ್ನು ಆಮೆಯ ಚಿಪ್ಪಿಗೆ ಹೋಲಿಸಿ ಹೆಸರಿಟ್ಟಿದ್ದರು. ಇಂಥ ವ್ಯೂಹದಲ್ಲಿ ಒಬ್ಬನು ತನ್ನ ಗುರಾಣಿಯನ್ನು ತಗ್ಗಿಸಿದರೆ ಪಕ್ಕದವನೂ ಸಾಯುವನು. ತನ್ನನ್ನು ಕಾಯುವ ಹಲಗೆಯೇ ನೆರೆಯವನನ್ನೂ ಕಾಯುವದೆಂಬ ಅರಿವಿಲ್ಲದೆ ಸಾಲು ನಿಲ್ಲಲಾರದು.

ಅದೇ ಕೋಟೆಯ ಬುರುಜಿನ ಮೇಲೆ ನಂತರದ ಕಾಲದ ಉದ್ದವಾದ ತೋಪೂ ಇರುವದು. ಗುರಾಣಿಯ ಚರಿತ್ರೆಯ ಕೊನೆಯನ್ನು ಅದು ತೋರಿಸುವದು. ೧೫೨೦ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ ಆದಿಲಶಹನನ್ನು ಸೋಲಿಸಿ ರಾಯಚೂರನ್ನು ತೆಗೆದುಕೊಂಡಾಗ, ಕ್ರಿಸ್ತೊವಾಂವ್ ದ ಫಿಗೆರೆದು ಎಂಬವನ ಕೈಕೆಳಗಿನ ಪೋರ್ತುಗೀಸ ಕೋವಿಗಾರರು ಗೋಡೆಯ ಮೇಲಿಂದ ತಲೆಯೆತ್ತಿದವರನ್ನು ದೂರದಿಂದಲೇ ಹೊಡೆದು ಕೆಡವಿದರು. ೧೫೬೫ರ ರಕ್ಕಸತಂಗಡಿಯ ಯುದ್ಧದಲ್ಲಿ ತೋಪುಗಳ ಪ್ರಭಾವವು ಪ್ರಸಿದ್ಧವಾಗಿರುವದು. ಬಾಣವು ಜಾರುವಲ್ಲಿ ಗುಂಡು ಜಾರಲಿಲ್ಲ. ಕತ್ತಿಯನ್ನು ನುಂಗಿದ ತೊಗಲು ಸೀಸವನ್ನು ನುಂಗಲಿಲ್ಲ. ಆದರೂ ಗುರಾಣಿಯು ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಮುಂದಿನ ಎರಡು ಮೂರು ಶತಮಾನಗಳಲ್ಲಿ ಅದು ಉಕ್ಕಿನದಾಯಿತು, ಬಂಗಾರದ ತಂತಿಯ ಕುಸುರಿಯಿಂದ ಬೆಳಗಿತು, ದರಬಾರಿನ ಗೋಡೆಯನ್ನೇರಿತು. ಕಾಯುವ ಕೆಲಸವು ಹೋದ ಮೇಲೆ ಮೆರೆಯುವ ಕೆಲಸವೊಂದೇ ಉಳಿಯಿತು. ಇಂದು ವಸ್ತುಸಂಗ್ರಹಾಲಯಗಳಲ್ಲಿ ಜನರು ಮೆಚ್ಚಿ ನೋಡುವ ಗುರಾಣಿಗಳಲ್ಲಿ ಬಹಳಷ್ಟು ಈ ಕೊನೆಯ ಕಾಲದವು. ಅವುಗಳನ್ನು ನೋಡಿ, ಹಿಂದಿನ ಗುರಾಣಿಗಳೆಲ್ಲ ಹೀಗೆಯೇ ಇದ್ದುವೆಂದು ತಿಳಿಯುವದು ತಪ್ಪು. ನಾಟಕಗಳಲ್ಲಿಯೂ ಭಿತ್ತಿಚಿತ್ರಗಳಲ್ಲಿಯೂ ಪುಲಕೇಶಿಗೂ ಬಿಜ್ಜಳನ ಸೈನಿಕರಿಗೂ ಒಂದೇ ಬಗೆಯ ಹೊಳೆಯುವ ಲೋಹದ ಢಾಲನ್ನು ಕೊಡುವದು ಈ ತಪ್ಪಿನಿಂದಲೇ ಹುಟ್ಟಿದ ರೂಢಿ.

ರಣದಿಂದ ಹೋದ ಗುರಾಣಿಯು ದೇವರ ಕೈಯಲ್ಲಿ ಉಳಿದುಕೊಂಡಿತು. ಮಹಿಷಮರ್ದಿನಿಯ ಕೈಯಲ್ಲಿ ಖೇಟಕವುಂಟು. ಭಕ್ತರ ಮನೆಗಳಲ್ಲಿಯೂ ಗುಡಿಗಳಲ್ಲಿಯೂ ಪೂಜೆಗೊಳ್ಳುವ ವೀರಭದ್ರನ ಮೂರ್ತಿಯಲ್ಲಿ ಖಡ್ಗ, ಗುರಾಣಿ, ಬಿಲ್ಲು, ಬಾಣಗಳೆಂಬ ನಾಲ್ಕು ಇರುವವು. ಪಕ್ಕದಲ್ಲಿ ಆಡಿನ ತಲೆಯ ದಕ್ಷನು ಕೈಮುಗಿದು ನಿಂತಿರುವನು. ದಕ್ಷಯಜ್ಞವನ್ನು ಧ್ವಂಸಮಾಡಿದ ಉಗ್ರಮೂರ್ತಿಗೂ ಶಿಲ್ಪಶಾಸ್ತ್ರವು ಬರಿಯ ಖಡ್ಗವನ್ನು ಕೊಟ್ಟು ಸುಮ್ಮನಾಗಲಿಲ್ಲ. ಎಡಗೈಗೆ ಗುರಾಣಿಯನ್ನು ಕೊಟ್ಟಿತು. ವೀರಗಾಸೆಯ ಕುಣಿತದವರ ಬಲಗೈಯಲ್ಲಿ ಖಡ್ಗವೂ, ಎಡಗೈಯಲ್ಲಿ ವೀರಭದ್ರನ ರೂಪವುಳ್ಳ ಹಲಗೆಯೂ ಇರುವದನ್ನು ನೋಡಿದವರು ಈ ಸಾಮ್ಯವನ್ನು ತಾವೇ ಊಹಿಸಬಹುದು. ಕಲ್ಯಾಣದ ಕ್ರಾಂತಿಯ ಬಳಿಕ ಶರಣರು ಉಳವಿಯ ದಾರಿ ಹಿಡಿದಾಗ ಮಡಿವಾಳ ಮಾಚಯ್ಯನು ಬೆಂಗಾವಲಾಗಿ ನಿಂತು ಶರಣರನ್ನೂ ವಚನಗಳ ಕಟ್ಟುಗಳನ್ನೂ ಕಾದನೆಂದು ಸಂಪ್ರದಾಯವು ಹೇಳುವದು. ಬಟ್ಟೆಯೊಗೆಯುವ ಕಾಯಕದವನು ಅಂದು ತಾನೇ ಒಂದು ಹರಿಗೆಯಾದನು. ಓಲೆಗರಿಗಳು ಉಳಿದುದರಿಂದ ಮಾತು ಉಳಿಯಿತು.

ಇಷ್ಟು ಹೇಳಿದ ಮೇಲೆ ಉಳಿದಿರುವದು ಕರ್ತವ್ಯದ ಮಾತು. ಹಳ್ಳಿಯ ವೀರಗಲ್ಲುಗಳ ಸ್ಥಿತಿಯು ಅನೇಕ ಕಡೆಗಳಲ್ಲಿ ಶೋಚನೀಯವಾಗಿರುವದು. ಕೆಲವು ಬಾವಿಯ ಕಟ್ಟೆಯಲ್ಲಿ ಸೇರಿರುವವು. ಕೆಲವು ಬಟ್ಟೆಯೊಗೆಯುವ ಬಂಡೆಗಳಾಗಿರುವವು. ಕೆಲವು ಹೊಲದ ಬದುವಿನಲ್ಲಿ ಬೋರಲಾಗಿ ಬಿದ್ದಿರುವವು. ಮತ್ತೆ ಕೆಲವನ್ನು ಭಕ್ತಿಯಿಂದಲೇ ಹಾಳುಮಾಡಿರುವರು. ಸುಣ್ಣವನ್ನು ಬಳಿದು, ಎಣ್ಣೆಯನ್ನು ಸುರಿದು, ಅದರ ಮೇಲೆ ಬಣ್ಣವನ್ನು ಹಚ್ಚಿ, ವೀರನ ಕೈಯ ಕತ್ತಿ ಯಾವುದು, ಗುರಾಣಿ ಯಾವುದು ಎಂದು ತಿಳಿಯದಂತಾಗಿರುವದು. ಹೊಸ ಗುಡಿಯನ್ನು ಕಟ್ಟುವ ಉತ್ಸಾಹದಲ್ಲಿ ಹಳೆಯ ಕಲ್ಲನ್ನು ತಳಪಾಯಕ್ಕೆ ಹಾಕಿದವರೂ ಉಂಟು. ಅಕ್ಷರವಿಲ್ಲದ ಕಲ್ಲುಗಳಿಗೆ ಇನ್ನೂ ಹೆಚ್ಚಿನ ಅನಾದರ. ಆದರೆ ಅಕ್ಷರವಿಲ್ಲದ ಕಲ್ಲಿನ ಕಾಲವನ್ನು ಊಹಿಸುವದಕ್ಕೆ ವೀರನ ಉಡುಪು, ತುರುಬು, ಕಲ್ಲಿನ ಕಂಬಗಳ ಕೆತ್ತನೆ, ಅವನು ಹಿಡಿದ ಗುರಾಣಿಯ ಆಕಾರ ಇವೇ ಆಧಾರಗಳು. ಇವುಗಳಲ್ಲಿ ಒಂದರಿಂದಲೇ ನಿರ್ಣಯವಾಗದು. ಎಲ್ಲವೂ ಕೂಡಿದರೆ ಕಲ್ಲು ಮಾತಾಡುವದು. ಗುರಾಣಿಯು ಸವೆದುಹೋದ ಕಲ್ಲಿನಲ್ಲಿ ಒಂದು ಸಾಕ್ಷಿಯು ಸತ್ತಂತಾಯಿತು.

ಮಾಡಬೇಕಾದದ್ದು ಕಠಿನವಾದದ್ದಲ್ಲ. ಊರಿನಲ್ಲಿ ವೀರಗಲ್ಲಿದ್ದರೆ ಅದನ್ನು ಇದ್ದ ಸ್ಥಳದಲ್ಲಿಯೇ ನೆಟ್ಟಗೆ ನಿಲ್ಲಿಸಿ, ಸುತ್ತಲೂ ನೀರು ನಿಲ್ಲದಂತೆ ಮಾಡಬೇಕು. ಸುಣ್ಣಬಣ್ಣಗಳನ್ನು ಬಳಿಯಬಾರದು, ಉಳಿಯಿಂದ ಕೆರೆಯಬಾರದು, ಆಮ್ಲದಿಂದ ತೊಳೆಯಬಾರದು. ಪೂಜೆಯನ್ನು ಹೂವಿನಿಂದಲೂ ವಿಭೂತಿಯಿಂದಲೂ ಮಾಡಿದರೆ ಕಲ್ಲಿಗೆ ಬಾಧೆಯಿಲ್ಲ. ಸ್ಥಳಾಂತರ ಮಾಡುವದು ಅನಿವಾರ್ಯವಾದರೆ ಅದು ಮೊದಲು ಎಲ್ಲಿತ್ತು, ಯಾವ ದಿಕ್ಕಿಗೆ ಮುಖಮಾಡಿತ್ತು ಎಂಬುದನ್ನು ಬರೆದಿಟ್ಟು, ಭಾವಚಿತ್ರವನ್ನು ತೆಗೆಸಿ, ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಅಕ್ಷರಗಳಿದ್ದರೆ ಬಲ್ಲವರಿಂದ ಓದಿಸಬೇಕು. ಕಲಬುರಗಿ ಕಮಲಾಪುರಗಳ ಸುತ್ತಣ ಶಾಲೆಗಳ ಮಕ್ಕಳು ತಮ್ಮ ಊರಿನ ಕಲ್ಲಿನಲ್ಲಿರುವ ವೀರನ ಕೈಯಲ್ಲಿ ದುಂಡು ಗುರಾಣಿಯುಂಟೋ ನೀಳ ಗುರಾಣಿಯುಂಟೋ ಎಂದು ನೋಡಿ ಬರೆದು ತಂದರೂ ಸಾಕು. ಅವರು ಆ ಕಲ್ಲನ್ನು ಮರಳಿ ಬಟ್ಟೆಯೊಗೆಯುವ ಬಂಡೆಯಾಗಗೊಡುವದಿಲ್ಲ.

ಆ ಕಲ್ಲಿನ ವೀರನಿಗೆ ಕವಚವಿರಲಿಲ್ಲ, ಕುದುರೆಯಿರಲಿಲ್ಲ. ಒಂದು ಕಚ್ಚೆ, ಒಂದು ಕತ್ತಿ, ಒಂದು ತೊಗಲಿನ ಹರಿಗೆ, ಇಷ್ಟೇ ಅವನ ಐಶ್ವರ್ಯ. ಅಷ್ಟನ್ನೇ ಹಿಡಿದು ಊರ ದನಗಳಿಗೂ ಊರ ಹೆಣ್ಣುಮಕ್ಕಳಿಗೂ ಅವನು ಆವರಣವಾಗಿ ನಿಂತನು. ಆ ಹರಿಗೆಯು ಅವನ ಪ್ರಾಣವನ್ನು ಉಳಿಸಲಿಲ್ಲ, ಊರನ್ನು ಉಳಿಸಿತು. ಇಂದು ಅವನ ಕಲ್ಲಿಗೆ ಊರೇ ಆವರಣವಾಗಬೇಕಾಗಿರುವದು. ಆ ಸದ್ಬುದ್ಧಿಯು ಎಲ್ಲರಲ್ಲಿಯೂ ನೆಲೆಸಲೆಂದು ಪರಶಿವನಲ್ಲಿ ಪ್ರಾರ್ಥನೆ.